ಬಿಟ್ಟುಹೋದ ನಡುವಿನ ದನಿ

ಹಳಗನ್ನಡ ಕಾವ್ಯವೊಂದರ ಬಗ್ಗೆ ಬರೆಯುವಾಗ ಯಾವ ಪ್ರತಿ, ಯಾರ ಸಂಪಾದನೆ ಎಂದು ಹೇಳದೆ ಮುಂದೆ ಹೋಗುವಂತಿಲ್ಲ. ಸಿನಿಮಾದ ಬಗ್ಗೆ ಬರೆಯುವಾಗ ಮಾತ್ರ ಈ ಶಿಸ್ತು ನಮಗೆ ನೆನಪಾಗುವುದಿಲ್ಲ. ಯಾವ ಪರದೆಯಲ್ಲಿ ನೋಡಿದೆವು, ಯಾವ ಸ್ಪೀಕರಿನಲ್ಲಿ ಕೇಳಿದೆವು ಎಂಬುದು ವಿಮರ್ಶೆಯ ಹೊರಗಿನ ಸಂಗತಿ ಎಂದೇ ತಿಳಿದಿದ್ದೇವೆ. ಅದು ಹೊರಗಿನದಲ್ಲ ಎಂಬುದು ನನ್ನ ವಾದ.

ಕಲಬುರಗಿ–ಆಳಂದ ರಸ್ತೆಯ ಕಡಗಂಚಿಯಲ್ಲಿ ಸಂಶೋಧನೆ ಮಾಡುತ್ತಿರುವ ನಮ್ಮಂಥವರಿಗೆ ಗೆಳೆಯರ ಕೋಣೆಯ ಟಿವಿ ಮತ್ತು ಸೆಕೆಂಡ್ ಹ್ಯಾಂಡ್ ಹೋಮ್ ಥಿಯೇಟರೇ ಚಿತ್ರಮಂದಿರ. ಅಲ್ಲಿ ರಾಮ್ ರೆಡ್ಡಿಯವರ ‘ತಿಥಿ’ ನೋಡಿದೆವು. ಅರ್ಧದೊಳಗೇ ತೀರ್ಪು ಹೊರಬಿತ್ತು: “ಮಂಡ್ಯದ ಮಂದಿ ಮಾತು ನಮಗ ತಿಳಿಯಂಗಿಲ್ಲ ಬಿಡ್ರಿ.” ಕನ್ನಡ ಚಿತ್ರವನ್ನು ಕನ್ನಡದವರೇ ಇಂಗ್ಲಿಷ್ ಸಬ್‌ಟೈಟಲ್ ಓದಿ ಮುಗಿಸಿದೆವು.

ಕಾರಣ ಮಂಡ್ಯವಲ್ಲ. ಆಂಪ್ಲಿಫೈಯರಿನ ಹಿಂದೆ ನಡುವಿನ ಸ್ಪೀಕರಿನ ವೈರ್ ಜೋಡಣೆಯಾಗಿರಲಿಲ್ಲ. 5.1 ವ್ಯವಸ್ಥೆಯಲ್ಲಿ ಐದು ಸ್ಪೀಕರ್, ಒಂದು ಸಬ್‌ವೂಫರ್. ಮಾತಿನ ಬಹುಪಾಲು ಬರುವುದು ಪರದೆಯ ಕೆಳಗಿನ ಈ ನಡುವಿನ ಸ್ಪೀಕರಿನಿಂದ. ಎಡಬಲದವು ಸಂಗೀತ, ಸದ್ದುಗಳನ್ನು ಹಂಚಿಕೊಳ್ಳುತ್ತವೆ. ಆ ಸ್ಪೀಕರ್ ಇದೆಯೆಂದೇ ಯಂತ್ರ ನಂಬಿದ್ದರೆ ಮಾತನ್ನೆಲ್ಲ ಅಲ್ಲಿಗೇ ಕಳಿಸುತ್ತದೆ. ಆಗ ಗಾಳಿ ಕೇಳುತ್ತದೆ, ಕುರಿ ಕೇಳುತ್ತದೆ, ಮನುಷ್ಯ ಕೇಳುವುದಿಲ್ಲ.

‘ತಿಥಿ’ಗೆ ಇದು ಸಣ್ಣ ನಷ್ಟವಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೋಲ್ಡನ್ ಲೆಪರ್ಡ್ ಪಡೆದ ಈ ಚಿತ್ರದಲ್ಲಿ ನಟಿಸಿದವರು ವೃತ್ತಿನಟರಲ್ಲ, ಹಳ್ಳಿಯ ಜನ. ಈರೇಗೌಡರು ಬರೆದ ಮಾತು ಅವರ ಗಂಟಲಿನ ಒರಟು, ತಡವರಿಕೆ, ಬೈಗುಳದ ಲಯದೊಂದಿಗೆ ಸೇರಿಯೇ ಪಾತ್ರವಾಗುತ್ತದೆ. ಗಡ್ಡಪ್ಪ ಕುರಿಗಾಹಿಗಳ ಮುಂದೆ ಕೂತು ತನ್ನ ಬದುಕಿನ ಕಥೆ ಹೇಳುವ ದೃಶ್ಯದಲ್ಲಿ ದನಿಯ ಹೊರತು ಇನ್ನೇನಿದೆ? ಸಬ್‌ಟೈಟಲ್ ಸಂಗತಿ ತಿಳಿಸುತ್ತದೆ; ಆತ ಅದನ್ನು ಎಷ್ಟು ನಿರ್ಲಿಪ್ತವಾಗಿ ಹೇಳಿದ ಎಂಬುದನ್ನು ತಿಳಿಸುವುದಿಲ್ಲ. ವೈರ್ ಜೋಡಿಸಿ ಮತ್ತೆ ಕೇಳಿದಾಗ ಒಂದೆರಡು ಶಬ್ದ ಬಿಟ್ಟರೆ ಭಾಷೆ ನಮಗೆ ದೂರದ್ದಾಗಿರಲಿಲ್ಲ.

ನನ್ನನ್ನು ಕಾಡುವುದು ಮೊದಲ ತೀರ್ಪು ಎಷ್ಟು ಸಲೀಸಾಗಿ ಬಂತು ಎಂಬುದು. ನಮ್ಮ ಕಲಬುರಗಿ ಮಾತನ್ನು ಸಿನಿಮಾದಲ್ಲಿ ನಗೆಗೆ ಬಳಸುತ್ತಾರೆಂದು ನೊಂದುಕೊಳ್ಳುವ ನಾವೇ, ದನಿ ಕೇಳಿಸದಿದ್ದಾಗ ಸ್ಪೀಕರನ್ನು ಅನುಮಾನಿಸಲಿಲ್ಲ, ಇನ್ನೊಂದು ಸೀಮೆಯ ಕನ್ನಡವನ್ನು ಅನುಮಾನಿಸಿದೆವು. ಪೂರ್ವಗ್ರಹಕ್ಕೆ ಒಂದು ಸಡಿಲ ವೈರ್ ಸಾಕ್ಷಿಯಾಯಿತು.

ವೈರಿನ ದೋಷ ಕೃತಿಯ ದೋಷವಲ್ಲವಲ್ಲ ಎಂದು ಕೇಳಬಹುದು. ಓಲೆಯ ಪ್ರತಿಕಾರ ಬಿಟ್ಟ ಸಾಲೂ ಕವಿಯ ದೋಷವಲ್ಲ. ಅದಕ್ಕೆಂದೇ ನಾವು ಪ್ರತಿಯನ್ನು ಹೆಸರಿಸುತ್ತೇವೆ. ಇದು ದುಡ್ಡಿನ ಮಾತೂ ಅಲ್ಲ. ಕೆಂಪು–ಬಿಳಿ ಪಿನ್ನಿನ ಸಾದಾ ವೈರ್ ಒಯ್ಯುವುದು ಎಡ, ಬಲ ಎರಡೇ ದನಿಗಳನ್ನು. ಆದರೂ ಪ್ಲೇಯರಿನ ಸೆಟ್ಟಿಂಗ್‌ನಲ್ಲಿ ‘ಸ್ಟಿರಿಯೊ’ ಆರಿಸಿದರೆ ನಡುವಿನ ಮಾತು ಎಡಬಲಗಳೆರಡರಲ್ಲೂ ಬೆರೆಯುತ್ತದೆ. ನಡುವಿನ ಸ್ಪೀಕರೇ ಇಲ್ಲದವರು ಆಂಪ್ಲಿಫೈಯರಿಗೆ ‘ಇಲ್ಲ’ ಎಂದು ತಿಳಿಸಿದರೆ ಸಾಕು. ದಿಕ್ಕು ಕಳೆಯುತ್ತದೆ, ಮಾತು ಉಳಿಯುತ್ತದೆ.

ಸಿನಿಮಾ ಕುರಿತ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಹೇಗೆ ಕೇಳಿದೆವು ಎಂಬ ಒಂದು ಸಾಲಿಗೆ ಜಾಗವಿರಲಿ. ಮಾತು ಅರ್ಥವಾಗಲಿಲ್ಲ ಎಂದು ಬರೆಯುವ ಮೊದಲು ಅದು ನಮ್ಮ ತನಕ ಬಂದಿತ್ತೇ ಎಂದು ನೋಡಿಕೊಳ್ಳುವುದೂ ವಿಮರ್ಶೆಯ ಕೆಲಸವೇ.