ಕೊಸರಿಲ್ಲದ ಸಂತೆ

ಕೆಲವು ವರ್ಷಗಳಿಂದ ನಮ್ಮ ಊರುಗಳಿಗೆ ಹೊಸ ಬಗೆಯ ಹಬ್ಬವೊಂದು ಬಂದಿದೆ. ಪೇಟೆಯ ಮುಖ್ಯ ರಸ್ತೆಯೊಂದನ್ನು ಸಂಜೆ ಹೊತ್ತು ವಾಹನಗಳಿಗೆ ಮುಚ್ಚುತ್ತಾರೆ. ಎರಡೂ ಬದಿಗೆ ಒಂದೇ ಅಳತೆಯ ಮಳಿಗೆಗಳು, ಒಂದು ತುದಿಗೆ ವೇದಿಕೆ, ವೇದಿಕೆಯ ಮೇಲೆ ಹಾಡು, ನಡುವೆ ನಡೆದಾಡುವ ಜನ. ಮೈಸೂರು ದಸರೆಯ ಹೊತ್ತಿಗೆ ದೇವರಾಜ ಅರಸು ರಸ್ತೆಯಲ್ಲಿ ನಡೆದ ‘ಓಪನ್ ಸ್ಟ್ರೀಟ್ ಫೆಸ್ಟಿವಲ್’ ಇಂಥದ್ದು. 2020ರ ನವೆಂಬರ್‌ನಿಂದ ಕೆಲವು ತಿಂಗಳು ಬೆಂಗಳೂರಿನ ಚರ್ಚ್ ಸ್ಟ್ರೀಟ್ ವಾರದ ಕೊನೆಗೆ ವಾಹನಗಳಿಲ್ಲದೆ ಇದ್ದದ್ದೂ ಇದೇ ಆಸೆಯ ಇನ್ನೊಂದು ರೂಪ. ಹೊರದೇಶಗಳ ಎಷ್ಟೋ ಪಟ್ಟಣಗಳಲ್ಲಿ ಇದು ತಿಂಗಳಿಗೊಮ್ಮೆ ತಪ್ಪದೆ ನಡೆಯುತ್ತದೆ. ನಮ್ಮ ಶ್ರೀರಂಗಪಟ್ಟಣಕ್ಕೂ ತಿಂಗಳಿಗೊಂದು ಬೀದಿ ಹಬ್ಬ ಬೇಕು, ಸ್ಥಳೀಯ ಸಂಸ್ಕೃತಿ, ವ್ಯಾಪಾರ, ಸಂಗೀತ ಮೂರೂ ಒಟ್ಟಿಗೆ ಉಳಿಯುತ್ತವೆ ಎನ್ನುವ ಗೆಳೆಯರು ನನಗಿದ್ದಾರೆ.

ಈ ಮಾತನ್ನು ಒಪ್ಪುವ ಅಥವಾ ತಳ್ಳಿಹಾಕುವ ಮೊದಲು ನಮ್ಮ ಸಾಹಿತ್ಯ ಬೀದಿಯನ್ನು ಹೇಗೆ ನೋಡಿದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಹಬ್ಬವನ್ನು ಏರ್ಪಡಿಸುವವರೂ ಒಂದರ್ಥದಲ್ಲಿ ಬೀದಿಯನ್ನು ಬರೆಯುವವರೇ. ಏನನ್ನು ಮುಂದಿಡಬೇಕು, ಯಾರನ್ನು ಬದಿಗೆ ಸರಿಸಬೇಕು, ಯಾರ ದನಿ ಮೈಕಿನಲ್ಲಿ ಕೇಳಬೇಕು ಎಂದು ಅವರೂ ಕವಿಯ ಹಾಗೆಯೇ ನಿರ್ಧರಿಸುತ್ತಾರೆ. ಶ್ರೀರಂಗಪಟ್ಟಣದ ವಿಷಯದಲ್ಲಂತೂ ಆ ಬರವಣಿಗೆಗೆ ಹಳೆಯ ಮಾದರಿಯೊಂದಿದೆ.

ರಾಜ ಒಡೆಯರ್ ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ವಶಪಡಿಸಿಕೊಂಡು, ಅದೇ ವರ್ಷ, 1610ರಲ್ಲಿ, ವಿಜಯನಗರದ ಮಹಾನವಮಿಯನ್ನು ಇಲ್ಲಿ ಮುಂದುವರಿಸಿದರು. ಮೂರು ದಶಕಗಳಾಚೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಆ ಹಬ್ಬ ಕಾವ್ಯವನ್ನು ಹೊಕ್ಕಿತು. ಗೋವಿಂದ ವೈದ್ಯನ ಹೆಸರಿನಲ್ಲಿರುವ ‘ಕಂಠೀರವ ನರಸರಾಜ ವಿಜಯ’ 1648ರದು. ಶ್ರೀರಂಗಪಟ್ಟಣದ ಕೋಟೆ, ಬೀದಿ, ಅಂಗಡಿ, ಜನ, ಒಂಬತ್ತು ದಿನದ ಒಡ್ಡೋಲಗ, ಮಲ್ಲಯುದ್ಧ, ನೃತ್ಯ, ಬಾಣಬಿರುಸು ಎಲ್ಲವೂ ಅದರಲ್ಲಿವೆ. ದಸರೆಯ ಚರಿತ್ರೆ ಬರೆಯುವವರು ಇವತ್ತಿಗೂ ಮೊದಲು ತೆರೆಯುವ ಪುಸ್ತಕ ಅದು.

ಈ ಕಾವ್ಯದ ಛಂದಸ್ಸು ಸಾಂಗತ್ಯ. ಸಾಂಗತ್ಯವೆಂದರೆ ಹಾಡಲು ಒಗ್ಗುವ ಮಟ್ಟು. ಚಂಪೂವಿನ ಪಾಂಡಿತ್ಯದಿಂದ ಕೆಳಗಿಳಿದು, ಅಕ್ಷರ ಬಾರದವರ ಕಿವಿಗೂ ತಲುಪಬಲ್ಲ ರೂಪ. ಹೀಗೆ ಕಾವ್ಯದ ನಡಿಗೆ ಬೀದಿಗೆ ಹತ್ತಿರವಾದದ್ದು. ಕಣ್ಣು ಮಾತ್ರ ಅರಮನೆಯ ಉಪ್ಪರಿಗೆಯದು. ನಮ್ಮ ಹಳೆಯ ಪುರವರ್ಣನೆಗಳಲ್ಲಿ ಬೀದಿ ತುಂಬಿ ತುಳುಕುವುದು ದೊರೆಯ ಹಿರಿಮೆಗೆ ಸಾಕ್ಷಿ ಹೇಳಲು. ಮುತ್ತು, ಪಟ್ಟೆ, ಪುನುಗು, ಕಸ್ತೂರಿ, ಧಾನ್ಯದ ರಾಶಿ ಒಂದರ ಹಿಂದೊಂದು ಬರುತ್ತವೆ. ರಾಶಿಯ ಹಿಂದೆ ಕೂತವರು ಬಾಯಿ ಬಿಡುವುದು ಅಪರೂಪ. ಹೂವಾಡಗಿತ್ತಿಯೊಬ್ಬಳು ಮಾತನಾಡಿದರೂ ಅದು ರಸಿಕರನ್ನು ಮೆಚ್ಚಿಸುವ ಜಾಣನುಡಿ. ಮೊಳಕ್ಕೆ ಎಷ್ಟು, ನಿನ್ನೆ ಎಷ್ಟಿತ್ತು, ಸಂಜೆಗೆ ಬಾಡಿದರೆ ನಷ್ಟ ಯಾರದು ಎಂಬ ಮಾತು ಆ ಸಂಪ್ರದಾಯಕ್ಕೆ ಬೇಕಿರಲಿಲ್ಲ. ಇದೇ ಕಂಠೀರವ ಒಡೆಯರು ಟಂಕಸಾಲೆ ಸ್ಥಾಪಿಸಿ ‘ಕಂಠೀರಾಯ ಹಣ’ ಎಂಬ ಪುಟ್ಟ ಚಿನ್ನದ ನಾಣ್ಯ ಹೊರಡಿಸಿದವರು. ಮೈಸೂರು ಸೀಮೆಯಲ್ಲಿ ತಲೆಮಾರುಗಳ ಕಾಲ ಲೆಕ್ಕ ನಡೆದದ್ದು ಅವರ ಹೆಸರಿನ ಹಣದಲ್ಲೇ. ದೊರೆಯ ಹಣ ಬೀದಿಯಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದಾಗ, ದೊರೆಯನ್ನು ಹೊಗಳುವ ಕಾವ್ಯಪರಂಪರೆ ಬೀದಿಯಲ್ಲಿ ಕಂಡದ್ದು ಸಿರಿಯನ್ನು, ಬೆಲೆಯನ್ನಲ್ಲ.

ಇದಕ್ಕೆ ಎದುರಾಗಿ ಹೊರಗಿನವನೊಬ್ಬನ ಬರಹವನ್ನು ಇಟ್ಟು ನೋಡಬಹುದು. 1520ರ ಸುಮಾರಿಗೆ ವಿಜಯನಗರದ ಮಹಾನವಮಿ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ವೈಭವಕ್ಕೆ ಬೆರಗಾದವನೇ. ಅವನಿಗೆ ಕನ್ನಡ ಕಾವ್ಯದ ಕಟ್ಟುಪಾಡು ಇರಲಿಲ್ಲ. ಸಂಜೆಯ ಸಂತೆಯಲ್ಲಿ ಸಾಧಾರಣ ತಳಿಯ ಕುದುರೆ, ನಿಂಬೆ, ಕಿತ್ತಳೆ, ದ್ರಾಕ್ಷಿ ಮಾರುವುದನ್ನು ಅವನು ಬರೆದ. ಒಂದು ಪರ್ದಾವೊ ನಾಣ್ಯಕ್ಕೆ ನಗರದಲ್ಲಿ ಹನ್ನೆರಡು ಜೀವಂತ ಕುರಿ ಸಿಗುತ್ತವೆ, ಗುಡ್ಡಗಾಡಿನಲ್ಲಾದರೆ ಇನ್ನೂ ಎರಡು ಮೂರು ಹೆಚ್ಚು ಎಂದೂ ಬರೆದ. ಈ ‘ಎರಡು ಮೂರು ಹೆಚ್ಚು’ ನನಗೆ ಮುಖ್ಯ. ಒಂದು ಬೆಲೆ ಇದೆ, ಇನ್ನೊಂದು ಕಡೆ ಇನ್ನೊಂದು ಬೆಲೆ ಇದೆ ಎಂದ ತಕ್ಷಣ ಆ ಬೀದಿಯಲ್ಲಿ ಕುರಿ ಹೊಡೆದುಕೊಂಡು ಬಂದವನೊಬ್ಬನೂ ಲೆಕ್ಕ ಹಾಕುತ್ತಾ ನಿಂತವನೊಬ್ಬನೂ ಕಾಣಿಸುತ್ತಾರೆ. ಬೆಲೆ ಹೇಳಿದಾಗ ಮನುಷ್ಯರು ಮೂಡುತ್ತಾರೆ.

ಇಂದಿನ ನಮ್ಮ ಹಬ್ಬಗಳು ಯಾವ ಮಾದರಿಯನ್ನು ಹಿಡಿದಿವೆ? ಈಗಿನ ಶ್ರೀರಂಗಪಟ್ಟಣ ದಸರೆಯನ್ನೇ ನೋಡಿ. ಕಿರಂಗೂರಿನ ಬನ್ನಿಮಂಟಪದಲ್ಲಿ ಪೂಜೆ, ಅಲ್ಲಿಂದ ಅಂಬಾರಿ ಹೊತ್ತ ಆನೆಯ ಮೆರವಣಿಗೆ, ಆಮೇಲೆ ರಂಗನಾಥನ ಗುಡಿಯ ಎದುರಿನ ಬಯಲಿನ ವೇದಿಕೆಯಲ್ಲಿ ಸಾಂಸ್ಕೃತಿಕ ಕಾರ್ಯಕ್ರಮ. ಮೆರವಣಿಗೆಯಲ್ಲಿ ಪೂಜಾ ಕುಣಿತ, ಸೋಮನ ಕುಣಿತ, ವೀರಗಾಸೆ, ಡೊಳ್ಳು ಇರುತ್ತವೆ. ಮಂಡ್ಯ ಸೀಮೆಯ ಪೂಜಾ ಕುಣಿತ ಮೂಲದಲ್ಲಿ ಒಂದು ದೇವರದು, ಒಂದು ಊರಿನದು, ಒಂದು ಹರಕೆಯದು. ಬಿದಿರಿನ ಚೌಕಟ್ಟಿಗೆ ಸೀರೆ ಕಟ್ಟಿ ತಲೆಯ ಮೇಲೆ ಹೊತ್ತು ಕುಣಿಯುವವನು ತನ್ನ ಊರಿನ ಬೀದಿಯಲ್ಲಿ ಪ್ರತಿ ಮನೆಯ ಮುಂದೆ ನಿಲ್ಲುತ್ತಾನೆ. ಸರ್ಕಾರಿ ಮೆರವಣಿಗೆಯಲ್ಲಿ ಅವನು ನಿಲ್ಲುವಂತಿಲ್ಲ, ಹಿಂದಿನ ತಂಡ ಮುಂದೆ ಬರಬೇಕು. ಸಂಜೆ ಜನ ಕುರ್ಚಿಯಲ್ಲಿ ಕೂತು ವೇದಿಕೆ ನೋಡುತ್ತಾರೆ. ಕಡಲೆ, ಪುರಿ, ಬಲೂನು ಮಾರುವವರು ಕುರ್ಚಿಗಳ ಹಿಂದೆ. ಹಬ್ಬ ಬೀದಿಯಿಂದ ಬಯಲಿಗೆ ಹೋಗಿ ಬೀದಿಗೆ ಬೆನ್ನು ಮಾಡಿ ಕೂತಿತು ಎಂದರೆ ತಪ್ಪಾಗದು.

ಹೊಸ ಬೀದಿ ಹಬ್ಬ ಈ ಕುರ್ಚಿಗಳನ್ನು ತೆಗೆಯುತ್ತದೆ. ಅದು ದೊಡ್ಡ ಗುಣ, ಅದನ್ನು ಅಲ್ಲಗಳೆಯಲಾರೆ. ಹೆಣ್ಣುಮಕ್ಕಳು, ಮುದುಕರು, ಮಕ್ಕಳು ರಸ್ತೆಯ ನಟ್ಟನಡುವೆ ಹೆದರಿಕೆ ಇಲ್ಲದೆ ನಡೆಯುವುದು ನಮ್ಮ ಪಟ್ಟಣಗಳಲ್ಲಿ ದಿನನಿತ್ಯ ಕಾಣದ ನೋಟ. ಆದರೆ ಮಳಿಗೆಗಳ ಹತ್ತಿರ ಹೋಗಿ ನೋಡಿದರೆ ಮತ್ತೆ ಹಳೆಯ ಪುರವರ್ಣನೆಯೇ ಎದುರಾಗುತ್ತದೆ. ಮಣ್ಣಿನ ಬಟ್ಟಲಿಗೆ ಚೀಟಿ ಅಂಟಿಸಿದೆ, ಚೀಟಿಯಲ್ಲಿ ಬೆಲೆ ಇದೆ, ಆ ಬೆಲೆ ಕದಲುವುದಿಲ್ಲ. ಮಾರುತ್ತಿರುವವರು ಸಂಬಳಕ್ಕೆ ನಿಂತ ಹುಡುಗರು, ಮಾಡಿದವರು ಬೇರೆಲ್ಲೋ. ಬೆಲೆಯುಂಟು, ಮಾತಿಲ್ಲ.

ಸಂತೆಯ ಕನ್ನಡದಲ್ಲಿ ‘ಕೊಸರು’ ಎಂಬ ಒಂದು ಮಾತಿದೆ. ಅಳೆದು ತೂಗಿ ಮುಗಿದ ಮೇಲೆ ಕೊಳ್ಳುವವರು ಕೇಳಿ, ಮಾರುವವರು ಗೊಣಗುತ್ತಲೇ ಹಾಕುವ ಆ ಒಂದು ಹಿಡಿ ಹೆಚ್ಚಿನ ಸೊಪ್ಪು, ಎರಡು ಮೆಣಸಿನಕಾಯಿ. ಲೆಕ್ಕದಲ್ಲಿ ಕೊಸರಿಗೆ ಜಾಗವಿಲ್ಲ. ಮುಂದಿನ ವಾರವೂ ನೀನು ನನ್ನ ಹತ್ತಿರವೇ ಬರಬೇಕು ಎಂಬ ಕರಾರು ಅದರಲ್ಲಿದೆ. ಸಂತೆಗೂ ಜಾತ್ರೆಗೂ ಇರುವ ವ್ಯತ್ಯಾಸ ಇಲ್ಲೇ ತಿಳಿಯುತ್ತದೆ. ಸಂತೆ ವಾರದ್ದು, ಅಗತ್ಯದ್ದು. ಅಲ್ಲಿ ಮುಖ ಪರಿಚಯವಿರುತ್ತದೆ. ಜಾತ್ರೆ ವರ್ಷದ್ದು, ಹರಕೆಯದು. ಅಲ್ಲಿ ಮುಖ ಗೊತ್ತಿಲ್ಲದಿದ್ದರೂ ದೇವರು ಗೊತ್ತು. ತಿಂಗಳಿಗೊಮ್ಮೆ ಬರುವ ಬೀದಿ ಹಬ್ಬಕ್ಕೆ ಅಗತ್ಯವೂ ಇಲ್ಲ, ಹರಕೆಯೂ ಇಲ್ಲ. ಅದನ್ನು ಕಟ್ಟಿ ನಿಲ್ಲಿಸುವುದು ಯಾವುದು ಎಂಬುದೇ ಪ್ರಶ್ನೆ.

ಇದೇ ಜಿಲ್ಲೆಯ ಇನ್ನೊಬ್ಬ ಕವಿ ಈ ಪ್ರಶ್ನೆಗೆ ದಾರಿ ತೋರುತ್ತಾರೆ. ಕೃಷ್ಣರಾಜಪೇಟೆಯ ಕಿಕ್ಕೇರಿಯಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿ 1942ರಲ್ಲಿ ‘ಮೈಸೂರು ಮಲ್ಲಿಗೆ’ ತಂದರು. ಅದರ ಬಳೆಗಾರ ಚೆನ್ನಯ್ಯನನ್ನು ಕನ್ನಡಿಗರು ಹಾಡಾಗಿ ಬಲ್ಲರು. ನಾವು ಆ ಹಾಡನ್ನು ದಾಂಪತ್ಯದ ಕವಿತೆಯೆಂದು ಓದುತ್ತೇವೆ. ನನಗೆ ಅದು ವ್ಯಾಪಾರದ ಕವಿತೆಯೂ ಹೌದು. ಚೆನ್ನಯ್ಯ ಬಂದು ನಿಲ್ಲುವುದು ಗಂಡನ ಮನೆಯ ಬಾಗಿಲಲ್ಲಿ. ಅಲ್ಲಿ ಬಳೆ ತೊಡುವವರಿಲ್ಲ, ಅವನು ಮಾರಲು ಬಂದವನೂ ಅಲ್ಲ. ತವರಿನಲ್ಲಿರುವ ಹೆಂಡತಿಯ ಸುದ್ದಿ ತಂದಿದ್ದಾನೆ. ಅವನು ಆ ಸುದ್ದಿ ತರಬಲ್ಲವನಾದದ್ದು ಬಳೆಗಾರನಾದ್ದರಿಂದ. ಬೇರೆ ಗಂಡಸರಿಗೆ ಸಿಗದ ಒಳಮನೆಯ ಸಲುಗೆ ಅವನಿಗುಂಟು. ಹೆಣ್ಣಿನ ಕೈ ಹಿಡಿದು ಬಳೆ ಏರಿಸುವವನಿಗೆ ಅವಳು ಸೊರಗಿದ್ದು ಬೇಗ ತಿಳಿಯುತ್ತದೆ. ಪುರವರ್ಣನೆಯಲ್ಲಿ ಹೆಸರಿಲ್ಲದೆ ರಾಶಿಯ ಹಿಂದೆ ಕೂತಿದ್ದವನಿಗೆ ಮೂರು ಶತಮಾನಗಳ ನಂತರ ಹೆಸರು ಬಂತು, ದನಿ ಬಂತು, ಕವಿತೆಯನ್ನೇ ಅವನು ಮಾತನಾಡಿದ. ಅರಮನೆಯ ಉಪ್ಪರಿಗೆಯಿಂದ ಇಳಿದ ಕನ್ನಡ ಕಾವ್ಯ ಮನೆಬಾಗಿಲಿಗೆ ಬಂದ ಗುರುತು ಇದು. ಸ್ಥಳೀಯ ಸಂಸ್ಕೃತಿ ಎಂಬುದು ಏನಾದರೂ ಇದ್ದರೆ ಅದು ಚೆನ್ನಯ್ಯ ಹೊತ್ತ ಬಳೆಗಿಂತ ಹೆಚ್ಚಾಗಿ ಅವನು ಹೊತ್ತ ಸುದ್ದಿಯಲ್ಲಿದೆ. ಬೀದಿ ಹಬ್ಬಗಳು ಬಳೆಯನ್ನು ತಂದು ಚೆನ್ನಯ್ಯನನ್ನು ಬಿಟ್ಟುಬರುತ್ತವೆ.

ಅಪ್ಪಣೆಯಿಂದ ಪೇಟೆ ಕಟ್ಟುವುದು ಶ್ರೀರಂಗಪಟ್ಟಣಕ್ಕೆ ಹೊಸದೂ ಅಲ್ಲ. ದ್ವೀಪದ ಪೂರ್ವದ ಗಂಜಾಂ ಒಂದು ಕಾಲಕ್ಕೆ ‘ಶಹರ್ ಗಂಜಾಂ’. ಅದನ್ನು ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಟಿಪ್ಪು ಕಾಲದಲ್ಲಿ ಕರೆತಂದು ನೆಲೆಗೊಳಿಸಲಾಯಿತೆಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. 1799ರಲ್ಲಿ ಕೋಟೆ ಬಿತ್ತು, ರಾಜಧಾನಿ ಮೈಸೂರಿಗೆ ಹೋಯಿತು, ದಸರೆಯೂ ಹೋಯಿತು. ಮರುವರ್ಷ ಬಂದ ಫ್ರಾನ್ಸಿಸ್ ಬುಕಾನನ್, ಸುಲ್ತಾನನ ಕಾಲದಲ್ಲಿ ಒಂದೂವರೆ ಲಕ್ಷವಿದ್ದಿರಬಹುದಾದ ಜನಸಂಖ್ಯೆ ಸುಮಾರು 32,000ಕ್ಕೆ ಇಳಿದಿದೆ ಎಂದು ಅಂದಾಜು ಮಾಡಿದ. ಯುದ್ಧ, ಸಾವು, ವಲಸೆ ಎಲ್ಲವೂ ಆ ಇಳಿಕೆಯಲ್ಲಿವೆ. ಜೊತೆಗೆ ಇನ್ನೊಂದು ಪಾಠವೂ ಇದೆ: ಆಸ್ಥಾನವನ್ನು ನಂಬಿ ನಿಂತ ಬೀದಿ ಆಸ್ಥಾನ ಎದ್ದ ದಿನ ಬರಿದಾಗುತ್ತದೆ. ಇಂದು ಆಸ್ಥಾನದ ಜಾಗದಲ್ಲಿ ಪ್ರಾಯೋಜಕರಿದ್ದಾರೆ, ಇಲಾಖೆಯ ಅನುದಾನವಿದೆ. ಅನುದಾನ ನಿಂತ ತಿಂಗಳು ಹಬ್ಬ ನಿಂತರೆ, ಆ ಬೀದಿಗೆ ನಾವು ಏನನ್ನೂ ಕೊಡಲಿಲ್ಲವೆಂದೇ ಅರ್ಥ.

ಇದೆಲ್ಲ ಇಂದು ಬರೀ ಸಾಹಿತ್ಯದ ಮಾತಾಗಿ ಉಳಿದಿಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬೈಪಾಸು ಶ್ರೀರಂಗಪಟ್ಟಣವನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಹಳೆಯ ರಸ್ತೆಯಲ್ಲಿ ಬಸ್ಸು, ಕಾರು ನಿಂತಾಗ ಎಳನೀರು, ಸೌತೆಕಾಯಿ, ಸೀಬೆಹಣ್ಣು ಮಾರಿ ಬದುಕುತ್ತಿದ್ದವರ ಮುಂದಿನಿಂದ ದಾರಿಹೋಕರೇ ಸರಿದುಹೋಗಿದ್ದಾರೆ. ತಿಂಗಳ ಬೀದಿ ಹಬ್ಬದ ಮಾತು ಈ ಹೊತ್ತಿನಲ್ಲಿ ಬಂದಿರುವುದರಿಂದಲೇ ಅದನ್ನು ಹಗುರವಾಗಿ ನೋಡಲಾಗದು. ಹಬ್ಬ ಬಂದರೆ ಮೊದಲ ಜಾಗ ಯಾರಿಗೆ? ಬೆಂಗಳೂರಿನಿಂದ ಬರುವ ಬ್ರಾಂಡಿನ ಮಳಿಗೆಗೋ, ಅಲ್ಲೇ ಇಪ್ಪತ್ತು ವರ್ಷದಿಂದ ಕೂರುವ ಅಮ್ಮನಿಗೋ? ಹಬ್ಬದ ಹಿಂದಿನ ದಿನ ರಸ್ತೆ ‘ಚೊಕ್ಕ’ ಮಾಡುವಾಗ ಎದ್ದು ಹೋಗಬೇಕಾದವರು ಯಾರು?

ಇದಕ್ಕೆ ಕಾನೂನಿನ ಉತ್ತರವಿದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಕೊಳ್ಳುವವರೂ ಮಾರುವವರೂ ತಲೆಮಾರಿನಿಂದ ಸೇರುತ್ತ ಬಂದ ಜಾಗವನ್ನು ಆ ಕಾಯ್ದೆ ಸ್ವಾಭಾವಿಕ ಮಾರುಕಟ್ಟೆ ಎಂದು ಗುರುತಿಸುತ್ತದೆ. ಇಂಥ ಸಮಿತಿಯೇ ಬೀದಿ ಹಬ್ಬವನ್ನು ರೂಪಿಸಿದರೆ ಅದರ ಚಹರೆ ಬೇರೆಯಾದೀತು.

ಹಾಗೆ ಆಗಬಲ್ಲದು ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಗಳಿವೆ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಬಸವನಿಗೆ ಕಾಯಿ ಸಲ್ಲುತ್ತದೆ, ರಸ್ತೆಯಲ್ಲಿ ಸೇರಿನ ಲೆಕ್ಕದಲ್ಲಿ ಚೌಕಾಸಿ ನಡೆಯುತ್ತದೆ, ಕೊಸರೂ ಬೀಳುತ್ತದೆ. ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಚಿತ್ರ ಬರೆದವರೇ ಚಿತ್ರದ ಪಕ್ಕ ಕೂತಿರುತ್ತಾರೆ. ‘ಇದೇನು ಬರೆದಿದ್ದೀರಿ’ ಎಂದು ಕೇಳುವ ಧೈರ್ಯ ಗ್ಯಾಲರಿಯೊಳಗೆ ಬಾರದವರಿಗೂ ಅಲ್ಲಿ ಬರುತ್ತದೆ. ಚಿತ್ರಕಲಾ ಪರಿಷತ್ತು ಅದಕ್ಕೆ ‘ಸಂತೆ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಎರಡೂ ಕಡೆ ಮಾಡಿದವರು ಅಥವಾ ಬೆಳೆದವರು ಕೊಳ್ಳುವವರ ಎದುರಿಗಿರುತ್ತಾರೆ, ಮಾತಿಗೆ ಸಿಗುತ್ತಾರೆ.

ಶ್ರೀರಂಗಪಟ್ಟಣಕ್ಕೆ ತಿಂಗಳ ಹಬ್ಬ ಬರಲಿ ಎಂದೇ ನನ್ನ ಆಸೆ. ಬಂದಾಗ ಅದನ್ನು ವಿಮರ್ಶಿಸಲು ದೊಡ್ಡ ಸಿದ್ಧಾಂತ ಬೇಕಾಗಿಲ್ಲ. ಆಲೆಮನೆಯಿಂದ ಬೆಲ್ಲ ತಂದವನು ಈ ಸಲ ಪಾಕ ಯಾಕೆ ಕಪ್ಪಾಯಿತು ಎಂದು ಹೇಳುತ್ತಿದ್ದಾನೆಯೇ, ಪೂಜಾ ಕುಣಿತದವನಿಗೆ ಅಂಗಡಿಯೊಂದರ ಮುಂದೆ ನಿಲ್ಲಲು ಬಿಡುವಿದೆಯೇ, ಹೂವಿನ ಬೆಲೆಯಲ್ಲಿ ಎರಡು ರೂಪಾಯಿ ಕದಲುತ್ತಿದೆಯೇ, ಹೋದ ತಿಂಗಳು ಬಂದವಳನ್ನು ಮಾರುವವಳು ಗುರುತಿಸಿ ‘ಎಲ್ಲಿ ಮಗು ಕರ್ಕೊಂಡು ಬರಲಿಲ್ವಾ?’ ಎಂದು ಕೇಳುತ್ತಿದ್ದಾಳೆಯೇ ಎಂದು ನೋಡಿದರೆ ಸಾಕು. ಇಷ್ಟಿದ್ದರೆ ವೇದಿಕೆಯ ಹಾಡು ಸ್ವಲ್ಪ ಅಪಸ್ವರವಾದರೂ ಪರವಾಗಿಲ್ಲ.