ಮಿದುಳಿನ ಸಾಕ್ಷ್ಯ ಮತ್ತು ನೀತಿಯ ನಿರ್ಣಯ

'ಇದೆ' ಎಂಬ ವಾಕ್ಯದಿಂದ 'ಇರಬೇಕು' ಎಂಬ ವಾಕ್ಯವನ್ನು ನೇರವಾಗಿ ಪಡೆಯಲಾಗದು ಎಂಬ ಡೇವಿಡ್ ಹ್ಯೂಮನ ಎಚ್ಚರಿಕೆ ಹದಿನೆಂಟನೆಯ ಶತಮಾನದಿಂದಲೂ ಪಾಶ್ಚಾತ್ಯ ನೀತಿಮೀಮಾಂಸೆಯ ಬೆನ್ನಿಗಿದೆ. ಮಿದುಳಿನ ವ್ಯಾಪಾರವನ್ನು ಚಿತ್ರವಾಗಿ ತೋರಿಸುವ ಯಂತ್ರಗಳು ಬಳಕೆಗೆ ಬಂದಮೇಲೆ ಈ ಎಚ್ಚರಿಕೆಯನ್ನು ದಾಟಬಹುದೆಂಬ ಉತ್ಸಾಹ ಕೆಲವರಲ್ಲಿ ಮೂಡಿತು. ಆ ಉತ್ಸಾಹಕ್ಕೆ ಆಧಾರವಾದುದು 2001ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಜೋಶುವಾ ಗ್ರೀನ್ ಮತ್ತು ಸಂಗಡಿಗರ ಲೇಖನ.

ಅವರು ಆಯ್ದುಕೊಂಡ ಅರವತ್ತು ಸಂದಿಗ್ಧಗಳಲ್ಲಿ ಟ್ರಾಲಿಯ ಪ್ರಸಂಗ ಸುಪ್ರಸಿದ್ಧ. ಹತೋಟಿ ತಪ್ಪಿ ಐವರತ್ತ ಧಾವಿಸುತ್ತಿರುವ ಟ್ರಾಲಿಯನ್ನು ಒಬ್ಬನೇ ನಿಂತಿರುವ ಹಳಿಗೆ ತಿರುಗಿಸುವುದನ್ನು ಬಹುಪಾಲು ಜನ ಒಪ್ಪುತ್ತಾರೆ. ಅದೇ ಐವರನ್ನು ಉಳಿಸಲು ಸೇತುವೆಯ ಮೇಲಿಂದ ಒಬ್ಬನನ್ನು ಕೈಯಾರೆ ಕೆಳಗೆ ನೂಕುವುದನ್ನು ಒಪ್ಪುವುದಿಲ್ಲ. ನೂಕುವಂತಹ 'ವೈಯಕ್ತಿಕ' ಪ್ರಸಂಗಗಳನ್ನು ಯೋಚಿಸುವಾಗ ಭಾವನೆಗೆ ಸಂಬಂಧಿಸಿದ ಮಿದುಳಿನ ಭಾಗಗಳು ಹೆಚ್ಚು ಸಕ್ರಿಯವಾದುದನ್ನು ಗ್ರೀನ್ ಗುರುತಿಸಿದರು. ಎರಡು ಪ್ರಯೋಗಗಳಲ್ಲಿಯೂ ಪಾಲ್ಗೊಂಡವರು ತಲಾ ಒಂಬತ್ತೇ ಮಂದಿ ಎಂಬುದನ್ನು ಇಲ್ಲಿ ನೆನಪಿಡಬೇಕು. ಮುಂದೆ ಹೊರಿಸಲಾದ ತತ್ತ್ವಭಾರಕ್ಕೆ ಈ ತಳಹದಿ ಕಿರಿದೇ ಸರಿ.

ಆ ಭಾರವನ್ನು ಹೊರಿಸಿದವರಲ್ಲಿ ಮುಖ್ಯರು ಪೀಟರ್ ಸಿಂಗರ್. ನೂಕಲು ಒಪ್ಪದ ಮನಸ್ಸು ವಿಕಾಸದ ಹಳೆಯ ಹಂತದಿಂದ ಬಂದ ಭಾವಪ್ರತಿಕ್ರಿಯೆ ಮಾತ್ರ, ಆದುದರಿಂದ ಅದಕ್ಕೆ ಪ್ರಮಾಣಬಲವಿಲ್ಲ, ಐವರನ್ನು ಉಳಿಸುವ ಲೆಕ್ಕವೇ ವಿವೇಕದ ತೀರ್ಪು ಎಂಬುದು 2005ರ ಅವರ ಪ್ರಬಂಧದ ವಾದಸರಣಿ. ಈ ಸರಣಿಯ ದೌರ್ಬಲ್ಯವನ್ನು ತೋರಿಸಲು 2007ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದೇ ಸಾಕು. ಮುಂಮಿದುಳಿನ ಒಂದು ನಿರ್ದಿಷ್ಟ ಭಾಗಕ್ಕೆ ಹಾನಿಯಾಗಿದ್ದ ಆರು ಮಂದಿ ರೋಗಿಗಳು ಇತರರಿಗಿಂತ ಹೆಚ್ಚಾಗಿ ನೂಕುವ ಪಕ್ಷವನ್ನು ಸಮರ್ಥಿಸಿದರು. ಭಾವನೆಯ ಅಡ್ಡಿ ತೊಲಗಿದ್ದರಿಂದ ಅವರ ವಿವೇಕ ತಿಳಿಯಾಯಿತೆನ್ನಬೇಕೋ, ಅಂಗಹಾನಿಯಿಂದ ಅವರ ನೈತಿಕ ದೃಷ್ಟಿ ಮಂಕಾಯಿತೆನ್ನಬೇಕೋ? ಒಂದೇ ಮಾಹಿತಿ ಎರಡು ಪಕ್ಷಗಳಿಗೂ ಸಮನಾಗಿ ಒದಗುತ್ತದೆ. ಆಯ್ಕೆ ಮಾಡುವವನು ಮಿದುಳಿನ ಚಿತ್ರವನ್ನು ನೋಡುವ ಮೊದಲೇ ತನ್ನ ನೀತಿಸಿದ್ಧಾಂತವನ್ನು ಆರಿಸಿಕೊಂಡಿರುತ್ತಾನೆ.

ಸೆಲಿಮ್ ಬರ್ಕರ್ 2009ರಲ್ಲಿ ಎತ್ತಿದ ಆಕ್ಷೇಪದ ತಿರುಳೂ ಇದಕ್ಕೆ ಸಮೀಪವಾದುದು. ಕೈಯಿಂದ ನೂಕುವುದಕ್ಕೂ ದೂರದಿಂದ ತಿರುಗಿಸುವುದಕ್ಕೂ ನೈತಿಕ ಭೇದವಿಲ್ಲವೆಂಬ ತೀರ್ಮಾನ ಪ್ರಯೋಗಾಲಯದಿಂದ ಬಂದುದಲ್ಲ, ವಿಚಾರದಿಂದ ಬಂದುದು. ಮಿದುಳಿನ ವಿವರ ಅಲ್ಲಿ ಅಲಂಕಾರ. ಬರ್ಕರ್ ಅವರ ಖಂಡನೆ ಸಮರ್ಥವಾದುದೇ. ಆದರೆ ಅದನ್ನು ಹಿಡಿದು, ನೀತಿಗೆ ಮಿದುಳು ವಿಜ್ಞಾನದಿಂದ ಏನೂ ದಕ್ಕದೆಂದು ಸಾರುವುದು ಮತ್ತೊಂದು ಅತಿರೇಕ. ಏಡ್ರಿಯನ್ ಓವನ್ ತಂಡ 2006ರಲ್ಲಿ ವರದಿ ಮಾಡಿದ ಪ್ರಕರಣವೇ ಇದಕ್ಕೆ ನಿದರ್ಶನ. ಅಪಘಾತದ ಅನಂತರ ಪ್ರಜ್ಞೆಯ ಯಾವ ಕುರುಹನ್ನೂ ತೋರದಿದ್ದ ತರುಣಿಗೆ ಟೆನಿಸ್ ಆಡುವುದನ್ನು ಕಲ್ಪಿಸಿಕೊಳ್ಳುವಂತೆ ಹೇಳಿದಾಗ ಆಕೆಯ ಮಿದುಳು ಆರೋಗ್ಯವಂತರ ಮಿದುಳಿನಂತೆಯೇ ಸ್ಪಂದಿಸಿತು. ಅರಿವುಳ್ಳ ವ್ಯಕ್ತಿಯನ್ನು ವಸ್ತುವಿನಂತೆ ಕಾಣಬಾರದೆಂಬ ನಿಯಮ ಮೊದಲೇ ಇತ್ತು. ಈ ವ್ಯಕ್ತಿಗೆ ಅರಿವಿರಬಹುದೆಂಬ ಸಂಗತಿ ಇರಲಿಲ್ಲ. ನ್ಯಾಯದರ್ಶನದ ಪರಿಭಾಷೆಯಲ್ಲಿ ಹೇಳುವುದಾದರೆ, ಯಂತ್ರ ಒದಗಿಸಿದ್ದು ವ್ಯಾಪ್ತಿಯನ್ನಲ್ಲ, ಪಕ್ಷದಲ್ಲಿ ಹೇತು ಇದೆಯೆಂಬ ಜ್ಞಾನವನ್ನು. ಆಕೆಯ ಹಾಸಿಗೆಯ ಪಕ್ಕದಲ್ಲಿ ನಿಂತ ವೈದ್ಯನ ಕರ್ತವ್ಯ ಬದಲಾಗಲು ಅಷ್ಟೇ ಸಾಕು.

ಈ ಭೇದ ಎಷ್ಟು ವ್ಯಾವಹಾರಿಕವಾದುದೆಂಬುದನ್ನು ಭಾರತದ ನ್ಯಾಯಾಲಯಗಳಲ್ಲಿ ಕಾಣಬಹುದು. ಆರೋಪಿಯ ತಲೆಗೆ ವಿದ್ಯುದ್ವಾಹಕಗಳನ್ನು ತೊಡಿಸಿ, ಅಪರಾಧದ ವಿವರಗಳನ್ನು ಆತನ ಮಿದುಳು ಗುರುತಿಸುತ್ತದೆಯೇ ಎಂದು ಅಳೆಯುವ ಪರೀಕ್ಷೆಗಳು ಈ ಶತಮಾನದ ಮೊದಲ ದಶಕದಲ್ಲಿ ತನಿಖೆಗಳಲ್ಲಿ ಬಳಕೆಯಾದವು. 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದ ತೀರ್ಪಿನಲ್ಲಿ ಇಂತಹ ಫಲಿತಾಂಶವನ್ನು ಪರಿಗಣಿಸಿತು. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆಗಳ ಜೊತೆಗೆ ಮಿದುಳಿನ ವಿದ್ಯುತ್ ಪರೀಕ್ಷೆಯನ್ನೂ ಒಪ್ಪಿಗೆಯಿಲ್ಲದೆ ನಡೆಸುವುದನ್ನು ನಿಷೇಧಿಸಿತು.

ಬೆರಳಚ್ಚು, ರಕ್ತದ ಮಾದರಿಗಳಂತೆ ಮಿದುಳಿನ ಅಲೆಯೂ ದೇಹದ ಭೌತಿಕ ಗುರುತಲ್ಲವೇ ಎಂಬ ಪ್ರಶ್ನೆ ಅಲ್ಲಿ ನಿರ್ಣಾಯಕವಾಗಿತ್ತು. ಭೌತಿಕ ಗುರುತಾದರೆ, ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಒತ್ತಾಯಿಸಬಾರದೆಂಬ ಸಂವಿಧಾನದ 20(3)ನೆಯ ವಿಧಿಯ ರಕ್ಷಣೆ ಅದಕ್ಕೆ ದೊರೆಯದು. ಪರೀಕ್ಷೆ ವ್ಯಕ್ತಿಯ ಅರಿವಿನಲ್ಲಿರುವುದನ್ನು ಹೊರಗೆಡಹುತ್ತದೆ, ಆದುದರಿಂದ ಬಾಯಿ ತೆರೆಯದಿದ್ದರೂ ಅದು ಹೇಳಿಕೆಯೇ ಎಂದು ನ್ಯಾಯಾಲಯ ತರ್ಕಿಸಿತು. ಅಲೆ ಏನನ್ನು ಸೂಚಿಸುತ್ತದೆಂದು ತಿಳಿಸಿದ್ದು ವಿಜ್ಞಾನ. ಹಾಗೆ ಸೂಚಿಸುವುದನ್ನು ಬಲವಂತವಾಗಿ ಪಡೆಯಬಹುದೇ ಎಂಬುದನ್ನು ಅದು ತಿಳಿಸಲಾರದಾಗಿತ್ತು. ಯಂತ್ರ ಹೆಚ್ಚು ನಿಖರವಾದಷ್ಟೂ ಅದರ ಫಲಿತಾಂಶ ಹೇಳಿಕೆಗೆ ಹೆಚ್ಚು ಹತ್ತಿರವಾಗುತ್ತದೆ ಎಂಬ ವಿಪರ್ಯಾಸವೂ ಈ ತರ್ಕದೊಳಗೆ ಅಡಗಿದೆ. ಪರೀಕ್ಷೆಗಳ ವಿಶ್ವಾಸಾರ್ಹತೆಯ ಬಗೆಗೂ ತೀರ್ಪು ಶಂಕೆ ವ್ಯಕ್ತಪಡಿಸಿದೆಯಾದರೂ, ತಂತ್ರ ನಾಳೆ ಸುಧಾರಿಸಿದರೆ ಆ ಶಂಕೆ ಕರಗಬಹುದು; ಒಪ್ಪಿಗೆಯ ಪ್ರಶ್ನೆ ಕರಗುವುದಿಲ್ಲ. ಆರೋಪಿ ಸ್ವಇಚ್ಛೆಯಿಂದ ಪರೀಕ್ಷೆಗೆ ಒಳಗಾಗುವ ಮಾರ್ಗವನ್ನು ತೀರ್ಪು ತೆರೆದೇ ಇಟ್ಟಿದೆ. ಪೊಲೀಸರ ವಶದಲ್ಲಿರುವವನ ಒಪ್ಪಿಗೆ ಎಷ್ಟರಮಟ್ಟಿಗೆ ಸ್ವಇಚ್ಛೆ ಎಂಬುದನ್ನು ಅಳೆಯುವ ವಿದ್ಯುದ್ವಾಹಕವಿಲ್ಲ. ವಕೀಲರ ನೆರವು ಮತ್ತು ದಂಡಾಧಿಕಾರಿಯ ಎದುರಿನ ದಾಖಲಾತಿಯನ್ನೇ ಅದು ನೆಚ್ಚಬೇಕಾಗಿದೆ.