ಸಾಕ್ಷಿಯ ನುಡಿಯೂ ಅದರ ಬೆಲೆಯೂ

ಧರ್ಮವನ್ನು ಇತರರಿಗೆ ತಿಳಿಸುವ ಮಾರ್ಗಗಳು ಹಲವು. ಶಾಸ್ತ್ರಗ್ರಂಥಗಳನ್ನು ಮುಂದಿಟ್ಟು ವಾದಿಸುವುದು ಒಂದು. ಪುರಾಣಕಥನದಿಂದ ಜನಮನವನ್ನು ಸೆಳೆಯುವುದು ಮತ್ತೊಂದು. ತನಗಾದ ಅನುಭವವನ್ನು ತಾನೇ ಉತ್ತಮಪುರುಷದಲ್ಲಿ ಹೇಳಿಕೊಳ್ಳುವುದು ಮೂರನೆಯದು. ಕ್ರೈಸ್ತರಲ್ಲಿ, ವಿಶೇಷವಾಗಿ ಪ್ರೊಟೆಸ್ಟಂಟ್ ಪಂಥದವರಲ್ಲಿ, ಈ ಮೂರನೆಯ ಮಾರ್ಗಕ್ಕೆ 'ಸಾಕ್ಷಿ' ಎಂಬ ಹೆಸರಿದೆ. ಕನ್ನಡ ಕರಾವಳಿಯಲ್ಲಿ ಈ ಸಾಕ್ಷಿಯ ನುಡಿ ಎಷ್ಟರಮಟ್ಟಿಗೆ ನಿಜವಾದ ಸಾಕ್ಷಿಯಾಗಿತ್ತು, ಎಲ್ಲಿ ಅದು ವಾದಕ್ಕೂ ಪ್ರಯೋಜನಕ್ಕೂ ಅಡಿಯಾಳಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದವಿಚಾರ. 'ಅಕ್ಷಿ' ಎಂದರೆ ಕಣ್ಣು. ಕಣ್ಣಾರೆ ಕಂಡವನು ಸಾಕ್ಷಿ. ಕೇಳಿದ್ದನ್ನು ಹೇಳುವವನಿಗೆ ನ್ಯಾಯಸ್ಥಾನದಲ್ಲಿ ಬೆಲೆಯಿಲ್ಲ. ಬೈಬಲಿನ ಹೊಸ ಒಡಂಬಡಿಕೆಯ ಮೂಲಭಾಷೆಯಾದ ಗ್ರೀಕಿನಲ್ಲಿ ಸಾಕ್ಷಿಗೆ 'ಮಾರ್ತುಸ್' ಎಂಬ ಮಾತಿದೆ. ಇದೇ ಮಾತು ಮುಂದೆ ಧರ್ಮಕ್ಕಾಗಿ ಪ್ರಾಣವನ್ನೊಪ್ಪಿಸಿದವನೆಂಬ ಅರ್ಥವನ್ನು ಪಡೆಯಿತು. ಕಂಡದ್ದನ್ನು ಹೇಳುವುದೊಂದೇ ಅಲ್ಲ, ಹೇಳಿದ್ದಕ್ಕೆ ಬೆಲೆ ತೆರುವುದೂ ಸಾಕ್ಷಿಯ ಲಕ್ಷಣವೆಂದು ಇದರಿಂದ ವ್ಯಕ್ತವಾಗುತ್ತದೆ. ಯೋಹಾನನ ಸುವಾರ್ತೆಯಲ್ಲಿ ಬರುವ ಹುಟ್ಟುಕುರುಡನ ಪ್ರಸಂಗ ಇದಕ್ಕೆ ಉತ್ತಮ ನಿದರ್ಶನ. ಪಂಡಿತರು ಅವನನ್ನು ತತ್ತ್ವಪ್ರಶ್ನೆಗಳಿಂದ ಪೀಡಿಸಿದಾಗ ಅವನು ವಾದಕ್ಕಿಳಿಯದೆ, ಹಿಂದೆ ಕಾಣದಿದ್ದ ತಾನು ಈಗ ಕಾಣುತ್ತಿರುವೆನೆಂಬ ಸಂಗತಿಯನ್ನೇ ಮುಂದಿಡುತ್ತಾನೆ. ಅದಕ್ಕಾಗಿ ಬಹಿಷ್ಕಾರಕ್ಕೂ ಗುರಿಯಾಗುತ್ತಾನೆ. ಅದೇ ಸುವಾರ್ತೆಯ ಸಮಾರ್ಯದ ಸ್ತ್ರೀ ಊರವರಿಗೆ ತನ್ನ ಅನುಭವವನ್ನು ಹೇಳುತ್ತಾಳೆ. ಊರವರಾದರೋ ಅವಳ ಮಾತಿಗಷ್ಟೇ ನಿಲ್ಲದೆ ತಾವೇ ಹೋಗಿ ಕೇಳಿ ನಿರ್ಧರಿಸುತ್ತಾರೆ. ಕೇಳುವವನನ್ನು ಸ್ವತಂತ್ರನಾಗಿ ಉಳಿಸುವುದು ಸಾಕ್ಷಿಯ ಇನ್ನೊಂದು ಲಕ್ಷಣವೆಂಬುದು ಇದರ ತಾತ್ಪರ್ಯ.

ಇನ್ನು ನಮ್ಮ ನಾಡಿಗೆ ಬರೋಣ. ಕಾರ್ಕಳ ಸೀಮೆಯ ನಿಟ್ಟೆಯ ಆಸುಪಾಸಿನಲ್ಲಿ ಕ್ರೈಸ್ತಧರ್ಮದ ಎರಡು ಧಾರೆಗಳನ್ನು ಕಾಣಬಹುದು. ಮೊದಲನೆಯದು ಅತ್ತೂರಿನ ಸಂತ ಲಾರೆನ್ಸರ ದೇವಾಲಯದ್ದು. 1759ರಲ್ಲಿ ಸ್ಥಾಪಿತವಾದ ಈ ಕೆಥೋಲಿಕ ಕ್ಷೇತ್ರ 1784ರಲ್ಲಿ ಟಿಪ್ಪುವಿನ ಕಾಲದ ಸೆರೆಯ ವಿಪತ್ತನ್ನು ಕಂಡು ಮತ್ತೆ ಎದ್ದುನಿಂತಿತು. 2016ರಲ್ಲಿ ಬಸಿಲಿಕಾ ಪದವಿಯನ್ನು ಪಡೆಯಿತು. ಜನವರಿಯ ಉತ್ಸವಕ್ಕೆ ಎಲ್ಲ ಮತದವರೂ ಬಂದು ಮೇಣದ ಬತ್ತಿ ಹಚ್ಚಿ ಹರಕೆ ಸಲ್ಲಿಸುತ್ತಾರೆ. ಇಲ್ಲಿ ಬಂದವರನ್ನು ಯಾರೂ ಮತವನ್ನು ಬಿಡೆಂದು ಕೇಳುವುದಿಲ್ಲ. ಹರಕೆ ಫಲಿಸಿತೆಂದು ಒಬ್ಬರು ಇನ್ನೊಬ್ಬರಿಗೆ ಹೇಳುವ ಮಾತೇ ಇಲ್ಲಿಯ ಸಾಕ್ಷಿ. ಎರಡನೆಯದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಧಾರೆ. ಇದು ಮುಲ್ಕಿ, ಉಡುಪಿಗಳ ಮಾರ್ಗವಾಗಿ ಉತ್ತರಕ್ಕೆ ಹಬ್ಬಿತು. ಜನರ ಮನೆಮಾತಿನಲ್ಲಿಯೇ ಮಾತನಾಡಬೇಕೆಂಬ ಅರಿವು ಈ ಮಿಶನ್ನಿಗಿತ್ತು. 1847ರ ವೇಳೆಗೆ ಹೊಸ ಒಡಂಬಡಿಕೆಯು ತುಳುವಿಗೆ ಅನುವಾದಗೊಂಡು ಕನ್ನಡ ಲಿಪಿಯಲ್ಲಿ ಅಚ್ಚಾದುದು ಇದರ ಫಲ. ಸಾಕ್ಷಿಯ ನುಡಿ ಒಂದು ಪ್ರಚಾರವಿಧಾನವಾಗಿ ಬೆಳೆದುದು ಈ ಎರಡನೆಯ ಧಾರೆಯಲ್ಲಿ.

ಈ ಮಿಶನ್ನಿನ ಹರ್ಮನ್ ಮೋಗ್ಲಿಂಗರು ಕನ್ನಡಿಗರಿಗೆ ಅಪರಿಚಿತರಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದವರು, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳೇ ಮೊದಲಾದ ಕೃತಿಗಳನ್ನು ಅಚ್ಚಿಗೆ ತಂದವರು ಅವರೇ. ವೀರಶೈವ ವಾಙ್ಮಯವು ಮುದ್ರಣದ ಬೆಳಕನ್ನು ಕಂಡುದರಲ್ಲಿ ಅವರ ಪಾಲನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಅವರೂ ಅವರ ಸಹಚರರೂ ಬರೆದ ಕನ್ನಡ ಕಿರುಹೊತ್ತಗೆಗಳಲ್ಲಿ ಖಂಡನೆಯ ಧ್ವನಿಯೇ ಮುಂದು. ಅನ್ಯರ ದೇವತೆಗಳ ದೋಷವನ್ನು ಎಣಿಸುವುದರಲ್ಲಿ ಬರೆಹ ತೊಡಗಿದಾಗ ಬರೆದವನ ಅನುಭವ ಹಿಂದೆ ಸರಿಯುತ್ತದೆ. ಅಂತಹ ಗದ್ಯಕ್ಕೆ ಭಾಷೆಯ ಇತಿಹಾಸದಲ್ಲಿ ಸ್ಥಾನವುಂಟು. ಸಾಕ್ಷಿಯ ಗೌರವ ಅದಕ್ಕೆ ಸಲ್ಲದು.

ಖಂಡನೆಯಷ್ಟೇ ಅಲ್ಲ, ಪ್ರವಾದವೂ ಸಾಕ್ಷಿಯ ಸ್ಥಾನವನ್ನು ತುಂಬಲಾರದು. 1840ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ ಪ್ರಾಂತದಲ್ಲಿ ಕಾಲಜ್ಞಾನದ ನುಡಿಗಳನ್ನು ನಂಬಿದ ಗುಂಪೊಂದು ತಾನಾಗಿಯೇ ಮಿಶನರಿಗಳನ್ನು ಅರಸಿ ಬಂದಿತು. ತಮ್ಮ ಹೊತ್ತಗೆಗಳಲ್ಲಿ ಸೂಚಿತವಾದ ಕಾಲ ಬಂದಿತೆಂದು ಅವರು ಭಾವಿಸಿದರು. ಜನ ಹಿಂಡುಹಿಂಡಾಗಿ ಬರುವರೆಂದು ಮಿಶನರಿಗಳು ಹಿಗ್ಗಿದರು. ಗದುಗಿನ ಬಳಿಯ ಮಲ್ಲಸಮುದ್ರದಲ್ಲಿ 1841ರಲ್ಲಿ ನೆಲೆಯೊಂದನ್ನು ಏರ್ಪಡಿಸಿದ್ದೂ ಆಯಿತು. ಆದರೆ ಆ ನಿರೀಕ್ಷೆ ಬಹುಬೇಗ ಬತ್ತಿಹೋಯಿತು. ಒಬ್ಬರು ತಮ್ಮ ಗ್ರಂಥದ ಪ್ರವಾದವನ್ನು ನೆಚ್ಚಿದರು, ಇನ್ನೊಬ್ಬರು ಆ ನೆಚ್ಚಿಕೆಯನ್ನು ತಮ್ಮ ಫಸಲೆಂದು ಎಣಿಸಿದರು. ಅನುಭವದ ಮಾತು ಇಬ್ಬರ ನಡುವೆಯೂ ಹುಟ್ಟಲಿಲ್ಲ.

ಇದಕ್ಕೆ ಪ್ರತಿಯಾಗಿ ನಿಲ್ಲುವುದು ಹರ್ಮನ್ ಆನಂದರಾವ್ ಕೌಂಡಿನ್ಯರ ಬಾಳು. 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಜನಿಸಿದ ಇವರು ಮಿಶನ್ನಿನ ಶಾಲೆಯಲ್ಲಿ ಓದಿ, 1844ರ ಜನವರಿಯಲ್ಲಿ ಇನ್ನಿಬ್ಬರೊಡನೆ ದೀಕ್ಷಾಸ್ನಾನ ಪಡೆದರು. ಊರಲ್ಲಿ ಕೋಲಾಹಲವೆದ್ದಿತು. ಮನೆತನ ದೂರವಾಯಿತು, ಕೈಹಿಡಿದ ಪತ್ನಿ ಅವರೊಡನೆ ಬರಲಿಲ್ಲ. ಬಾಸೆಲಿನಲ್ಲಿ ಅಭ್ಯಾಸ ಮುಗಿಸಿ 1851ರಲ್ಲಿ ಬೋಧಕರಾಗಿ ಹಿಂದಿರುಗಿದ ಅವರು 1893ರವರೆಗೆ ಬಾಳಿದರು. ಕೊಡಗಿನಲ್ಲಿ ಭೂಮಾಲೀಕರ ಆಳುಗಳಾಗಿದ್ದ ಜನ ಹೊಸ ಧರ್ಮಕ್ಕೆ ಸೇರಿ ನೆಲೆ ತಪ್ಪಿದಾಗ ಅವರಿಗಾಗಿ ಎದ್ದ ಊರಿಗೆ ಆನಂದಪುರವೆಂಬ ಹೆಸರು ಬಂದುದು ಇವರಿಂದಲೇ. ಅಗ್ರಕುಲದಲ್ಲಿ ಹುಟ್ಟಿದವರು ಅತ್ಯಂತ ಕೆಳಗಿಡಲ್ಪಟ್ಟವರ ಪಾಲನೆಗೆ ತಮ್ಮ ಧನವನ್ನೂ ಹೆಸರನ್ನೂ ಕೊಟ್ಟುದು, ಬಾಯಿಮಾತಿಗಿಂತ ಹಿರಿದಾದ ಸಾಕ್ಷಿ. ಆದರೆ ಇಲ್ಲಿಯೂ ವಿಮರ್ಶಕನು ಒಂದು ಪ್ರಶ್ನೆಯನ್ನು ಕೇಳಲೇಬೇಕು. ಬೆಲೆ ತೆತ್ತವರು ಅವರೊಬ್ಬರೇ ಅಲ್ಲ. ಮಂಗಳೂರಿನಲ್ಲಿ ಉಳಿದ ಆ ಪತ್ನಿಯ ಬಾಳೂ ಅದರಲ್ಲಿ ವ್ಯಯವಾಯಿತು. ಸಾಕ್ಷಿಕಥನಗಳಲ್ಲಿ ತ್ಯಾಗ ಮಾಡಿದವನ ಹೆಸರು ಬೆಳಗುತ್ತದೆ. ತ್ಯಕ್ತಳಾದವಳಿಗೆ ಅಲ್ಲಿ ಉತ್ತಮಪುರುಷವೇ ಇಲ್ಲ.

ಎರಡನೆಯ ಆಕ್ಷೇಪ ಲೇಖನಿಯನ್ನು ಕುರಿತದ್ದು. ಮತಾಂತರ ಹೊಂದಿದವರ ವೃತ್ತಾಂತಗಳು ಬಹುಮಟ್ಟಿಗೆ ಮಿಶನ್ನಿನ ವರದಿಗಳ ಮೂಲಕ, ದೂರದ ಯುರೋಪಿನ ದಾನಿಗಳು ಓದಲೆಂದು ಅಚ್ಚಾದವು. ಕತ್ತಲೆ, ಕಳವಳ, ಬೆಳಕು, ಶಾಂತಿ ಎಂಬ ಒಂದೇ ಏರಿಳಿತಕ್ಕೆ ಬಗೆಬಗೆಯ ಬಾಳುಗಳು ಅಲ್ಲಿ ಒಗ್ಗಿಕೊಂಡಿವೆ. ಕರಾವಳಿಯಲ್ಲಿ ಮೂರ್ತೆಯ ಕಸುಬನ್ನು ಬಿಟ್ಟು ಬಂದ ಬಿಲ್ಲವರಿಗೆ ನೇಯ್ಗೆಯ ಶಾಲೆ, 1865ರಿಂದ ಹಂಚಿನ ಕಾರ್ಖಾನೆ ಆಸರೆಯಾದವು. ಹಳೆಯ ಜೀವನೋಪಾಯ ಕಳೆದುಕೊಂಡವರಿಗೆ ಹೊಸದನ್ನು ಒದಗಿಸುವುದು ಧರ್ಮವೇ ಸರಿ. ಆದರೂ ಅನ್ನ ಕೊಡುವವನ ಮುಂದೆ ಆಡಿದ ಸಾಕ್ಷಿಯಲ್ಲಿ ಎಷ್ಟು ಪಾಲು ಹೃದಯದ್ದು, ಎಷ್ಟು ಪಾಲು ಋಣದ್ದು ಎಂದು ವಿಂಗಡಿಸುವುದು ಆಡಿದವನಿಗೇ ಕಷ್ಟ. ಅವರನ್ನು ಕಪಟಿಗಳೆನ್ನುವುದು ಅನ್ಯಾಯ. ಆ ನುಡಿಯನ್ನು ಪರೀಕ್ಷಿಸದೆ ಒಪ್ಪುವುದು ಅವಿವೇಕ.

ಹನ್ನೆರಡನೆಯ ಶತಮಾನದ ಶರಣರ ವಚನಗಳೂ ಉತ್ತಮಪುರುಷದ ನುಡಿಗಳೇ. ಆದುದರಿಂದ ಹೋಲಿಕೆ ಸಹಜವಾಗಿ ಒದಗುತ್ತದೆ. ಕ್ರೈಸ್ತಸಾಕ್ಷಿಯಲ್ಲಿ ಒಂದು ದಿನ, ಒಂದು ಘಳಿಗೆ ಮುಖ್ಯ. ಅಂದಿನಿಂದ ಬಾಳು ಎರಡಾಗಿ ಸೀಳುತ್ತದೆ. ವಚನದಲ್ಲಿ ಅಂತಹ ತಿಥಿಯಿಲ್ಲ. ಪಡೆದೆನೆಂಬ ಹಿಗ್ಗಿನ ಪಕ್ಕದಲ್ಲಿಯೇ ಇನ್ನೂ ಪಡೆಯದ ಅಳಲಿದೆ. ವಚನಕಾರನು ಹೆಚ್ಚಾಗಿ ತನ್ನ ಇಷ್ಟದೈವವನ್ನೇ ಸಂಬೋಧಿಸುತ್ತಾನೆ, ಲೋಕ ಅದನ್ನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತದೆ. ಸಾಕ್ಷಿ ಹೇಳುವವನು ಲೋಕಕ್ಕೇ ಮುಖ ಮಾಡುತ್ತಾನೆ. ಈ ಭೇದದಿಂದ ಒಂದು ಮೇಲು, ಇನ್ನೊಂದು ಕೀಳೆಂದು ತೀರ್ಮಾನಿಸಬೇಕಿಲ್ಲ. ಶರಣರ ನುಡಿಯೂ ಪರಮತಖಂಡನೆಗೆ ಇಳಿದ ಪ್ರಸಂಗಗಳಿವೆ. ನಡೆಯಿಲ್ಲದ ನುಡಿಯನ್ನು ಅಳೆಯಲು ಶರಣರು ತಮಗೇ ಇಟ್ಟುಕೊಂಡ ಅಳತೆಗೋಲನ್ನು ಅನ್ಯರಿಗೂ ನಮಗೂ ಸಮನಾಗಿ ಬಳಸುವುದು ನ್ಯಾಯ.

ಈ ವಿಚಾರ ಹಳೆಯ ಕಡತಗಳಿಗಷ್ಟೇ ಸೀಮಿತವಾದುದಲ್ಲ. ಸಂವಿಧಾನದ 25ನೆಯ ಅನುಚ್ಛೇದವು ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಮಾನ್ಯ ಮಾಡಿದೆ. 1977ರ ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ತನ್ನ ಧರ್ಮದ ತತ್ತ್ವವನ್ನು ವಿವರಿಸಿ ಹರಡುವುದು ಹಕ್ಕಿನೊಳಗಣದು, ಇನ್ನೊಬ್ಬನನ್ನು ಮತಾಂತರಗೊಳಿಸುವುದು ಹಕ್ಕಲ್ಲ ಎಂದು ಭೇದ ಮಾಡಿತು. ಕರ್ನಾಟಕದಲ್ಲಿ 2022ರಲ್ಲಿ ಬಲಾತ್ಕಾರ, ಆಮಿಷಗಳ ಮತಾಂತರವನ್ನು ನಿಷೇಧಿಸುವ ಕಾಯಿದೆ ಬಂದಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟವು ಅದನ್ನು ರದ್ದುಗೊಳಿಸಲು ತೀರ್ಮಾನಿಸಿತು. ಕಾಯಿದೆ ಆಮಿಷವನ್ನು ತಡೆಯಬಹುದು. ಆದರೆ ನೆರೆಯವನೊಬ್ಬನು ತನ್ನ ಬಾಳಿನ ಮಾತನ್ನು ಹೇಳುವುದನ್ನೇ ಅಪರಾಧವೆಂಬಂತೆ ಸಂಶಯಿಸತೊಡಗಿದರೆ ಅನುಭಾವಗೋಷ್ಠಿಗೂ ಉಳಿಗಾಲವಿರದು.

ಆದುದರಿಂದ ಸಾಕ್ಷಿಯ ನುಡಿಯನ್ನು ಅದರ ಮತದಿಂದ ಅಳೆಯದೆ ಅದರ ಲಕ್ಷಣದಿಂದ ಅಳೆಯುವುದು ಯುಕ್ತ. ಹೇಳುವವನು ತಾನು ಕಂಡದ್ದನ್ನೇ ಹೇಳುತ್ತಿರುವನೆ? ಅದಕ್ಕೆ ತಾನೇ ಬೆಲೆ ತೆತ್ತಿರುವನೆ, ಅಥವಾ ಇನ್ನೊಬ್ಬರಿಂದ ತೆರಿಸಿರುವನೆ? ಕೇಳಿದವನು ಒಪ್ಪದೆ ಎದ್ದು ಹೋದರೆ, ಮರುದಿನವೂ ಅವನನ್ನು ನೆರೆಯವನೆಂದೇ ಕಾಣುವನೆ? ಈ ಪ್ರಶ್ನೆಗಳನ್ನು ಕ್ರೈಸ್ತ ಬಂಧುಗಳ ಮುಂದಿಡುವ ನಾವು ನಮ್ಮ ಪುರಾಣಪ್ರವಚನದ ವೇದಿಕೆಯಲ್ಲಿಯೂ ಅವಕ್ಕೆ ಉತ್ತರ ಕೊಡಲು ಸಿದ್ಧರಿರಬೇಕು.